ಮನೆ ಚೀಟಿಯ ನವಿಲು

ಕಳ್ಳರಿಗೆಂದು ಹನುಮೇಶ ಬರೆದ ಕಾಯ್ದೆ ಇವತ್ತು ಹನುಮೇಶನ ಕೊರಳಿಗೇ ಉರುಳಾಗಿತ್ತು.

ನವಲಗುಂದದ ಜಮಖಾನ ಸಂಘದ ಕಂಪ್ಯೂಟರು ಅವನ ಉಸ್ತುವಾರಿ. ಗಿರಾಕಿಗಳಿಗೆ ಚಿತ್ರ ತೋರಿಸುವ ಸೇವೆಯೊಂದು ಅದರಲ್ಲಿ ಸದಾ ಓಡುತ್ತದೆ. ಯಾರಾದರೂ ಅದರೊಳಗೆ ನುಸುಳಿದರೂ ಉಳಿದದ್ದಕ್ಕೆ ಕೈ ಹಾಕಬಾರದೆಂದು ಅವನು ಎಲ್ಲ ಕಡತಗಳಿಗೂ ಚೀಟಿ ಹಚ್ಚಿದ್ದ. ಸೇವೆ ಮುಟ್ಟಬಹುದಾದದ್ದು 'ಮಾರಾಟ' ಚೀಟಿ ಇದ್ದದ್ದನ್ನು ಮಾತ್ರ. 'ಮನೆ' ಚೀಟಿ ಇದ್ದದ್ದನ್ನು ಖುದ್ದು ಹನುಮೇಶನೇ ಹೇಳಿದರೂ ಮುಟ್ಟಕೂಡದು.

ಹೆಂಡತಿ ಶಿವಗಂಗಾ ಎರಡು ತಿಂಗಳು ಕೂತು ಹೊಸ ಜಮಖಾನ ನೇಯ್ದಿದ್ದಳು. ಹುಬ್ಬಳ್ಳಿಯ ವ್ಯಾಪಾರಿ ಇವತ್ತು ಮಧ್ಯಾಹ್ನ ಮೂರರೊಳಗೆ ಚಿತ್ರ ನೋಡಿ ಹೇಳುತ್ತೇನೆ ಎಂದಿದ್ದ. ಮಾರಿಹೋದರೆ ಅದು ಅವಳ ಮೊದಲ ಮಾರಾಟ. ಹನುಮೇಶ ಅದರ ಚಿತ್ರವಿದ್ದ ತನ್ನ ಖಾತೆಯ ಫೋಲ್ಡರನ್ನೇ ಎತ್ತಿ ಮಾರಾಟದ ಜಾಗದಲ್ಲಿಟ್ಟ. ಸೇವೆ ಜಪ್ಪಯ್ಯ ಅಂದರೂ ತೋರಿಸಲಿಲ್ಲ.

"ಅದಕ್ಕ ನೀನಽ ಯಜಮಾನ ಅಲ್ಲೇನಲೇ?" ಎಂದರು ಕಾರ್ಯದರ್ಶಿ ಈರಪ್ಪ.

"ಹೌದ್ರಿ. ಆದ್ರ ಕಾಯ್ದೆ ನನಗಿಂತ ದೊಡ್ಡದರಿ."

"ಹಂಗಾರ ಕಾಯ್ದೆನಽ ಕಿತ್ತ ಒಗಿ!"

ಬಾಜು ಮೇಜಿನ ನೇತ್ರಾ, "ಬಂದ್ ಮಾಡಿ ಚಾಲೂ ಮಾಡ್ರಿ" ಎಂದಳು. ಮಾಡಿದ. ಈರಪ್ಪ ಊದಿನಕಡ್ಡಿ ಹಚ್ಚಿದರು. ಹೊಗೆಗೆ ಎಲ್ಲರೂ ಕೆಮ್ಮಿದರು, ಅಷ್ಟೇ. ಗಂಟೆ ಎರಡೂ ಮುಕ್ಕಾಲಾಯಿತು.

ಆಗ ಹೊಳೆಯಿತು. ನಕಲು ಮಾಡಿದ್ದರೆ ಹೊಸ ಜಾಗದ ಚೀಟಿ ಬರುತ್ತಿತ್ತು. ಎತ್ತಿ ಇಟ್ಟದ್ದಕ್ಕೆ, ಅತ್ತೆಮನೆಗೆ ಬಂದರೂ ತವರಿನ ರುಚಿ ಬಿಡದ ಸೊಸೆಯ ಹಾಗೆ, ಹಳೆಯ 'ಮನೆ' ಚೀಟಿಯೇ ಉಳಿದಿತ್ತು. ಪಾಪ, ಅವಸರದಲ್ಲಿ ಇಡೀ ಫೋಲ್ಡರಿಗೆ 'ಮಾರಾಟ' ಎಂದು ಜಡಿದ. ಚಿತ್ರ ಬಂತು.

ಮೂರಕ್ಕೆ ಸರಿಯಾಗಿ ವ್ಯಾಪಾರಿಯ ಫೋನು. "ಹೊಸಾದು ಬ್ಯಾಡ್ರಿ, ಅಂಥಾವು ರಗಡ ಅದಾವ. ಆ ಡೊಂಕ ಕುತ್ತಿಗಿ ನವಿಲಿಂದು ಅಗದಿ ಛಲೋ ಐತಿ. ಮ್ಯಾಲೆ ಯಾವನೋ ಬಾಯಿ ತಕ್ಕೊಂಡು ಮಲಗ್ಯಾನ. ಅವನ್ನ ಎಬ್ಬಿಸಿ ಅದನ್ನ ಕಳಸ್ರಿ."

ಹನುಮೇಶ ಪರದೆ ನೋಡಿದ. ಮಲಗಿದವನು ತಾನೇ! ಶಿವಗಂಗಾ ಕದ್ದು ತೆಗೆದ ಚಿತ್ರ, ಅದೂ ಅದೇ ಫೋಲ್ಡರಿನಲ್ಲಿತ್ತು. ಕೆಳಗಿದ್ದದ್ದು ಮದುವೆಯಾದ ವರ್ಷ ಅವನಿಗೆಂದೇ ಅವಳು ನೇಯ್ದ ಮೊದಲ ಜಮಖಾನ. ಈರಪ್ಪ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಸಂಜೆ ಮನೆಗೆ ಹೋಗಿ ಚೀಟಿಯ ಕತೆಯನ್ನೆಲ್ಲ ಹೇಳಿದ. "ಗಂಗಾ, ನೇಯ್ದಾಕಿ ನೀನಽ. ನೀ ಹೂಂ ಅಂದ್ರ ಆತು, ಮೊದಲನೇ ಮಾರಾಟ."

ಶಿವಗಂಗಾ ಹಳೆಯ ಜಮಖಾನವನ್ನು ಮಡಿಲಿಗೆ ಎಳೆದುಕೊಂಡಳು. "ನೇಯ್ದಾಕಿ ನಾನಽ. ಆದ್ರ ಇದಕ್ಕ ಮನಿ ಚೀಟಿ ಐತ್ರಿ. ನಾ ಹೇಳಿದ್ರೂ ಹೊಸ್ತಲಾ ದಾಟೂದಿಲ್ಲ."

ಹನುಮೇಶನಿಗೆ ವ್ಯಾಪಾರ ಹೋದರೆ ಹೋಗಲಿ ಅನ್ನಿಸಿತು.

"ಆ ಚಿತ್ರಕ್ಕ ಮತ್ತ ಮನಿ ಚೀಟಿ ಹಚ್ಚಿ ಬಂದೀರಿಲ್ಲೋ?" ಎಂದಳು ಅವಳು.

ಹನುಮೇಶ ಬಾಯಿ ತೆರೆದ, ಚಿತ್ರದಲ್ಲಿದ್ದಷ್ಟೇ ಅಗಲ. ಅಷ್ಟರಲ್ಲಿ ಮತ್ತೆ ಫೋನು ಬಡಕೊಂಡಿತು.

"ನಮಸ್ಕಾರ್ರಿ. ಗದಗದಿಂದ ಮಾತಾಡಾಕತ್ತೀನಿ. ಆ ಡೊಂಕ ನವಿಲಿಂದು ಇನ್ನೂ ಐತೇನ್ರಿ? ಮಲಗಿದಾಂವ ಎದ್ದಾನೇನ್ರಿ?"