ಸಿಸ್ಟರ್ ಮಾತಿನಲ್ಲಿ ಕಲ್ಲು ಆರಿಸಿದ್ದು

ಅಂದು ಬೆಳಿಗ್ಗೆಯೂ ಎಂದಿನಂತೆ ಅರಸೀಕೆರೆಯ ನಮ್ಮ ಮನೆ ಜಗಲಿಯಲ್ಲಿ ಮೊರ ಹಿಡಿದು ಅಕ್ಕಿ ಆರಿಸಿದೆ. ಕಲ್ಲನ್ನು ಕಾಂಪೌಂಡಿನಾಚೆ ಎಸೆದೆ. ಕೈ ಒರೆಸಿಕೊಂಡು ಲ್ಯಾಪ್‌ಟಾಪ್ ತೆರೆದೆ.

ಮರುದಿನ ನಮ್ಮ ಕಾನ್ವೆಂಟಿನ ಸಿಸ್ಟರ್‌ಗೆ ಸನ್ಮಾನ. ಹಳೆಯ ವಿದ್ಯಾರ್ಥಿನಿಯರು ಇಪ್ಪತ್ತು ಜನ ನೆನಪಿನ ಪುಸ್ತಕಕ್ಕೆಂದು ಒಂದೊಂದು ನೆನಪು ಬರೆದಿದ್ದೆವು. ಬೇಲೂರಿನಲ್ಲಿ ಕಂಪ್ಯೂಟರ್ ಕಲಿಸುವ ಗೆಳತಿ ಗಿರಿಜಾ ಎಲ್ಲವನ್ನೂ ಒಂದು ಫೈಲಿಗೆ ತುಂಬಿ, "ಕಾಗುಣಿತ ನೋಡಿಬಿಡೇ, ನಾಲ್ಕು ಗಂಟೆಗೆ ಪ್ರೆಸ್‌ಗೆ ಹೋಗ್ಬೇಕು" ಎಂದಿದ್ದಳು. ಕಾಗುಣಿತ ತಾನೇ? ನನಗೆ ನೀರು ಕುಡಿದಷ್ಟು ಸುಲಭ!

ನೋಡಿದರೆ, ಸಿಸ್ಟರ್ ಆಡಿದ ಪ್ರತಿ ಮಾತಿನ ಎರಡೂ ತುದಿಯಲ್ಲಿ ಉದ್ಧರಣ ಚಿಹ್ನೆಗೆ ಅಂಟಿಕೊಂಡು ಹೀಗೊಂದು ಓರೆಗೀಟು: \". ಕಾನ್ವೆಂಟಿನ ಶಿಸ್ತಿನವಳು ಕಸ ಸಹಿಸುವುದುಂಟೆ? ಅಕ್ಕಿಯ ಕಲ್ಲಿನಂತೆ ಒಂದೊಂದನ್ನೇ ಆರಿಸಿ ತೆಗೆದೆ. ಸೇವ್ ಮಾಡಿದೆ. ಪುಸ್ತಕವಾಗಿ ಹೇಗೆ ಕಾಣುತ್ತದೆಂದು ಪುಟ ತೆರೆದೆ.

ನನ್ನ ನೆನಪು ಹೀಗಿತ್ತು: ಬಸ್ತಿಹಳ್ಳಿ ಪ್ರವಾಸದಲ್ಲಿ ಬಸದಿಯ ಕನ್ನಡಿಯಂಥ ನುಣುಪು ಕಂಬ ನೋಡಿಕೊಂಡು ರಿಬ್ಬನ್ ಸರಿಮಾಡಿಕೊಳ್ಳುತ್ತಿದ್ದೆ. ಸಿಸ್ಟರ್ ಹಿಂದಿನಿಂದ ಬಂದು ಹೇಳಿದರು...

ಅಷ್ಟೇ. ಮುಂದೆ ಖಾಲಿ! ಎಲ್ಲ ಪುಟದಲ್ಲೂ ಸಿಸ್ಟರ್ ಬಾಯಿ ತೆರೆಯುವಷ್ಟರಲ್ಲಿ ಮೌನ. ಇಡೀ ಕ್ಲಾಸಿಗೆ ಆಗದಿದ್ದುದನ್ನು ನಾನೊಬ್ಬಳೇ ಸಾಧಿಸಿದ್ದೆ.

"ಅಯ್ಯೋ, ಅದು ಕಸ ಅಲ್ಲ ಕಣೇ!" ಗಿರಿಜಾ ಫೋನಿನಲ್ಲೇ ಹಣೆ ಚಚ್ಚಿಕೊಂಡಳು. "ನೆನಪು ಎಲ್ಲಿ ಶುರು, ಎಲ್ಲಿ ಮುಗೀತು ಅಂತ ತೋರ್ಸೋದೂ ಆ ಉದ್ಧರಣ ಚಿಹ್ನೇನೇ. ಒಳಗೆ ಸಿಸ್ಟರ್ ಮಾತಿಗೂ ಅದೇ ಚಿಹ್ನೆ. ಗೀಟು ಇದ್ರೆ 'ಇದು ಒಳಗಿನ ಮಾತು, ಇನ್ನೂ ಮುಗಿದಿಲ್ಲ' ಅಂತ ಕಂಪ್ಯೂಟರ್‌ಗೆ ಗೊತ್ತಾಗತ್ತೆ. ಇಲ್ದಿದ್ರೆ ನೆನಪೇ ಅಲ್ಲಿಗೆ ಮುಗೀತು ಅಂದ್ಕೊಳ್ಳತ್ತೆ."

"ಹಳೇ ಫೈಲ್ ಕಳ್ಸೇ."

"ಇಬ್ರಿಗೂ ಇರೋದು ಆನ್‌ಲೈನಲ್ಲಿ ಅದೊಂದೇ ಫೈಲು, ಅದ್ರ ಮೇಲೇ ಸೇವ್ ಮಾಡಿದೀಯಲ್ಲೇ, ಮಹಾತಾಯಿ!"

ಪ್ರಾಯಶ್ಚಿತ್ತವಾಗಿ, ಒಳಗಿನದು ಹೊರಗಿನದು ಎಂಬ ಭೇದವಿಲ್ಲದೆ ಕಂಡ ಕಂಡ ಚಿಹ್ನೆಗೆಲ್ಲ ಗೀಟೆಳೆದೆ. ಈಗ ಯಾರ ನೆನಪೂ ಮುಗಿಯಲೇ ಇಲ್ಲ! ಸಹಪಾಠಿ ಪದ್ಮಾಳ ನೆನಪಿನಲ್ಲಿದ್ದ ಸುಳ್ಳು ಜ್ವರ ನನ್ನ ರಿಬ್ಬನ್ನಿಗೆ ತಗುಲಿ, ರಿಬ್ಬನ್ನು ಗಿರಿಜಾಳ ಊಟದ ಡಬ್ಬಿಗೆ ಸುತ್ತಿಕೊಂಡು, ಇಪ್ಪತ್ತು ಜನ ಒಂದೇ ಉಸಿರಿನಲ್ಲಿ ಮಾತಾಡುತ್ತಿದ್ದೆವು. ಥೇಟ್ ನಮ್ಮ ಕೊನೆ ಬೆಂಚು. ಓದುತ್ತ ಕಣ್ಣು ಒದ್ದೆಯಾಯಿತು. ತಿದ್ದಲು ಮನಸ್ಸೇ ಬರಲಿಲ್ಲ. ಆದರೆ ಗಡಿಯಾರದಲ್ಲಿ ಮೂರು!

ಗಿರಿಜಾ ಫೋನಿನಲ್ಲಿ "ಒಳಗೆ! ಹೊರಗೆ!" ಎನ್ನುತ್ತ, ನಾನು ತಿದ್ದುತ್ತ, ನಾಲ್ಕಕ್ಕೆ ಎರಡು ನಿಮಿಷವಿರುವಾಗ ಸಿಸ್ಟರ್‌ಗೆ ಮಾತು ಮರಳಿತು: "ಕಂಬದಲ್ಲಿ ಮುಖ ನೋಡಿದ್ದು ಸಾಕು, ಬಸ್ ಹೊರಡ್ತಿದೆ!"

ಸಂಜೆ ಜಗಲಿಯಲ್ಲಿ ಉಸ್ಸೆಂದು ಕೂತೆ. ಪಕ್ಕದ ಮನೆ ಸರೋಜಮ್ಮ ಹೂ ಬಿಡಿಸುತ್ತಲೇ ಕಾಂಪೌಂಡಿನಾಚೆಯಿಂದ ಅಂದರು, "ಬೆಳಿಗ್ಗೆ ಕಲ್ಲು ಅಂತ ಎಸೆದ್ರಲ್ಲ, ಅದ್ರಲ್ಲಿ ಅಕ್ಕೀನೇ ಜಾಸ್ತಿ ಇತ್ತು ಕಣ್ರೀ. ಗುಬ್ಬಿಗಳು ಈಗಷ್ಟೇ ಊಟ ಮುಗಿಸಿ ಎದ್ವು."