ತೊಟ್ಟಿಯಲ್ಲಿ ಬೆಳೆದ ಪುಟ್ಟರಾಜ

ನೆಲಕ್ಕಿಂತ ನೀರೇ ಹೆಚ್ಚಾಗಿದ್ದ ಲೂಸಿಯಾನಾದ ಜೌಗಿನಲ್ಲಿ, ಮೊಸಳೆಗಳೂ ಮನುಷ್ಯರೂ ಒಂದೇ ಬಿಸಿಲು ಕಾಯಿಸುತ್ತಿದ್ದ ಕಾಲದಲ್ಲಿ, ಅಲ್ಸೀದ್ ಎಂಬುವನಿದ್ದ. ಅವನಿಗೊಬ್ಬಳು ಹೆಂಡತಿ ಓದಿಲ್, ಮನೆಗೊಂದು ಸ್ನಾನದ ತೊಟ್ಟಿ, ತೊಟ್ಟಿಗೊಂದು ಮೊಸಳೆ.

ತಂದಾಗ ಅದು ಅಂಗೈಯುದ್ದವಿತ್ತು. ಮಾರಿದವನು, "ಇದರಪ್ಪ ತಿ-ಪಿಯೇರ್, ತಾತ ತಿ-ಜಾನ್" ಎಂದಿದ್ದ. ಅಲ್ಲಿನವರ ಮಾತಿನಲ್ಲಿ 'ತಿ' ಎಂದರೆ ಪುಟ್ಟ. ತಲೆಮಾರುಗಳಿಂದ ಪುಟ್ಟದಾಗಿಯೇ ಉಳಿದ ವಂಶ ಎಂದುಕೊಂಡ ಅಲ್ಸೀದ್ ಅದಕ್ಕೆ ತಿ-ರುವಾ, ಅಂದರೆ ಪುಟ್ಟರಾಜ, ಎಂದು ಹೆಸರಿಟ್ಟ. ಈಗ ಪುಟ್ಟರಾಜನ ಬಾಲ ತೊಟ್ಟಿಯಾಚೆ ಬಂದು ಟವೆಲಿನ ಗೂಟ ಮುಟ್ಟುತ್ತಿತ್ತು.

"ನನ್ನ ತಮ್ಮನ ಹೆಸರೂ ತಿ-ನೊಯೆಲ್ಲೇ," ಎಂದಳು ಓದಿಲ್. "ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ಬರ್ತಾನೆ. ಅವನನ್ನ ನೋಡಿಯಾದ್ರೂ ಗೊತ್ತಾಗ್ಲಿಲ್ವಾ?"

"ಅವನು ಊಟ ಜಾಸ್ತಿ ಮಾಡ್ತಾನೆ, ಅದಕ್ಕೆ ಅಂದ್ಕೊಂಡಿದ್ದೆ."

"ಪಾತ್ರೆ ತೊಳೆಯೋ ಸಿಂಕಲ್ಲಿ ತಲೆ ತೊಳ್ಕೊಂಡು ಸಾಕಾಗಿದೆ. ಇವತ್ತು ರಾತ್ರಿ ತಂಗಿ ಮದುವೆ. ಹೊತ್ತು ಮುಳುಗೋದ್ರೊಳಗೆ ತೊಟ್ಟಿ ಖಾಲಿ ಇರ್ಬೇಕು. ಇಲ್ದಿದ್ರೆ ನಾನು ಮದುವೆಯಿಂದ ಹಾಗೇ ಅಮ್ಮನ ಮನೆಗೆ."

"ಖಾಲಿ ಮಾಡ್ತೀನಿ. ಮಾತು ಕೊಟ್ಟೆ."

ಸುದ್ದಿ ಹಬ್ಬಿತು. ಊರಿಗೆಲ್ಲ ಚಿಕ್ಕಪ್ಪನಾದ ಪಕ್ಕದ ಮನೆಯ ಮುದುಕ ಒವೀದ್ ಬಂದು, "ಕೋಳಿ ತೋರ್ಸು ಮಗಾ, ಹಿಂದೇನೇ ಬರತ್ತೆ" ಎಂದ. ಪುಟ್ಟರಾಜ ಕೋಳಿ ನುಂಗಿ, ಕಟ್ಟಿದ್ದ ಹಗ್ಗವನ್ನೂ ನುಂಗಿ, ಕಣ್ಣು ಮುಚ್ಚಿತು. ಸಂಗೀತಕ್ಕಾದರೂ ಬರಲಿ ಎಂದು ಮುದುಕ ಪಿಟೀಲು ನುಡಿಸಿದ. ಮೊಸಳೆಯೊಂದನ್ನು ಬಿಟ್ಟು ಎಲ್ಲರೂ ಹೊರಗೋಡಿದರು.

ಕೊನೆಗೆ ತಿ-ನೊಯೆಲ್ ಅಡ್ಡ ತಿರುಗಿ ಬಂದ. "ಅದು ಬರಲ್ಲ ಅಂದ್ರೆ ಬಿಡಿ ಭಾವ, ತೊಟ್ಟೀನೇ ಎತ್ತೋಣ."

ಮೊಸಳೆಯ ಬಾಯಿಗೆ ಟೇಪು ಸುತ್ತಿದರು, ಬಾಗಿಲು ಕಿತ್ತರು, ತೊಟ್ಟಿಯನ್ನು ಟ್ರಕ್ಕಿಗೇರಿಸಿ ಮದಾಮ್ ಅರ್ಮಾಂಸಳ ಮೊಸಳೆ ಕೆರೆಗೆ ಒಯ್ದರು. ಟೇಪು ಬಿಚ್ಚಿದ್ದೇ ತಡ, ಪುಟ್ಟರಾಜ ತಿರುಗಿಯೂ ನೋಡದೆ ನೀರಿಗಿಳಿಯಿತು. ಅಲ್ಸೀದ್ ಕಣ್ಣೊರೆಸಿಕೊಂಡ.

"ಇಷ್ಟು ದೊಡ್ಡ ಮೊಸಳೆ ಕೊಟ್ಟೆ. ಕೊಸರು ಕೊಡ್ದೆ ಹೇಗೆ ಕಳಿಸ್ಲಿ?" ಎಂದಳು ಅರ್ಮಾಂಸ್.

ಆ ಸೀಮೆಯಲ್ಲಿ ಕೊಸರು ಬೇಡವೆಂದರೆ ಮುಖಕ್ಕೆ ಹೊಡೆದ ಹಾಗೆ. ಖಾಲಿ ತೊಟ್ಟಿಯ ತುಂಬ ಜೀವಂತ ಕ್ರಾಫಿಶ್, ಅಂದರೆ ಇಕ್ಕಳವಿರುವ ಕೆರೆ ಸಿಗಡಿಗಳು, ಇಕ್ಕಳವಾಡಿಸುತ್ತ ಮನೆಗೆ ಬಂದವು.

"ಇದಾ ಖಾಲಿ?" ಎಂದಳು ಓದಿಲ್.

"ಅದಕ್ಯಾಕೆ ಯೋಚ್ನೆ? ನಾವಿಲ್ವಾ?" ಎಂದ ಒವೀದ್, ಒಲೆ ಹೊತ್ತಿಸುತ್ತ.

ಅಂಗಳದಲ್ಲಿ ಹಂಡೆಗಟ್ಟಲೆ ಖಾರದ ನೀರು ಕುದಿಯಿತು. ಬೆಂದದ್ದನ್ನು ಸುರಿಯಲು ಅಷ್ಟು ದೊಡ್ಡ ಮೇಜಿರಲಿಲ್ಲವಾದ್ದರಿಂದ ತೊಟ್ಟಿಗೇ ಸುರಿದರು. ಕೇರಿಯೆಲ್ಲ ಸುತ್ತ ಕೂತು ಮೂಗೊರೆಸಿಕೊಳ್ಳುತ್ತ ತಿಂದಿತು. ಹೊತ್ತು ಮರದ ತುದಿಗಿಳಿಯುವಷ್ಟರಲ್ಲಿ ತಳ ಕಂಡಿತು. ಅಲ್ಸೀದ್ ತಿಕ್ಕಿ ತೊಳೆದ. ತಿ-ನೊಯೆಲ್ ಅದನ್ನು ಸ್ವಸ್ಥಾನದಲ್ಲಿಟ್ಟ.

"ನೋಡು, ಖಾಲಿ. ನೀರೂ ಬಿಟ್ಟಿದೀನಿ," ಎಂದ ಅಲ್ಸೀದ್ ಹೆಮ್ಮೆಯಿಂದ.

ಓದಿಲ್ ಇಣುಕಿದಳು. ನೀರು ತೆಳುವಾದ ಸಾರಿನ ಬಣ್ಣಕ್ಕಿತ್ತು.

"ಚೆನ್ನಾಗಿ ತೊಳೆದಿದೀಯಾ?"

"ಅನುಮಾನ ಯಾಕೆ?"

"ಹಾಗಾದ್ರೆ ಮೊದಲು ನೀನಿಳಿ."

ಬಾಗಿಲಿಲ್ಲದ ಬಾಗಿಲಲ್ಲಿ ನೆರೆಹೊರೆಯೆಲ್ಲ ನೆರೆದಿತ್ತು. ಅಲ್ಸೀದ್ ಟವೆಲ್ ಬಿಗಿದುಕೊಂಡು, ಗಂಭೀರವಾಗಿ ಒಳಗೆ ಕೂತ.

ಮರುಕ್ಷಣ ಮೈಗೆ ಖಾರ ಹತ್ತಿ ಅವನು ಚಂಗನೆ ಹೊರಗೆ ಹಾರಿದ; ನೀರೂ ಅವನೊಂದಿಗೇ ಚೆಲ್ಲಿ ತೊಟ್ಟಿ ನಿಜವಾಗಿಯೂ ಖಾಲಿಯಾಯಿತು.