ಕೋಚ್ ಸಾಹೇಬರ ರಾಜೀನಾಮೆ

ನಮ್ಮ ಯಜಮಾನರು ನ್ಯೂಜೆರ್ಸಿಯಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡವೊಂದಕ್ಕೆ ಕೋಚ್ ಆಗಿದ್ದರು ಎಂದರೆ ನೀವು ನಂಬುತ್ತೀರೋ ಇಲ್ಲವೋ! ಎಪ್ಪತ್ತರ ದಶಕದಲ್ಲಿ ಒಂದು ಭಾನುವಾರವೂ ತಪ್ಪಿಸದೆ ಆ ಕೆಲಸ ಮಾಡಿದರು. ತೊಂದರೆ ಒಂದೇ. ಆ ವಿಷಯ ತಂಡಕ್ಕೆ ಗೊತ್ತಿರಲಿಲ್ಲ.

ಅವರು ಕೋಚಿಂಗ್ ನಡೆಸುತ್ತಿದ್ದುದು ಸಮರ್‌ಸೆಟ್‌ನ ನಮ್ಮ ಮನೆಯ ಹಸಿರು ಸೋಫಾ ಮೇಲಿಂದ, ಟಿ.ವಿ.ಗೆ ಮುಖ ಮಾಡಿ. ಬಣ್ಣ ತಯಾರಿಸುವ ಕಂಪನಿಯಲ್ಲಿ ಕೆಮಿಸ್ಟ್ ಆಗಿದ್ದ ಮನುಷ್ಯ. ಧಾರವಾಡದಲ್ಲಿದ್ದಾಗ ಕೇರಂ ಬಿಟ್ಟು ಬೇರೆ ಆಟ ಆಡಿದವರಲ್ಲ, ಅದನ್ನೂ ಬೆರಳು ನೋಯುತ್ತದೆಂದು ಅರ್ಧಕ್ಕೇ ಬಿಟ್ಟೇಳುತ್ತಿದ್ದರಂತೆ! ಅಂಥವರಿಗೆ, ಹೆಲ್ಮೆಟ್ ತೊಟ್ಟ ಧಡೂತಿ ಆಳುಗಳು ಒಬ್ಬರ ಮೇಲೊಬ್ಬರು ಬೀಳುವ ಈ ಆಟದ ಹುಚ್ಚು ಎಲ್ಲಿಂದ ಹಿಡಿಯಿತೋ ದೇವರೇ ಬಲ್ಲ. ಚೆಂಡು ಯಾರ ಹತ್ತಿರ ಇದೆ ಎಂಬುದೇ ನನಗೆ ಕೊನೆಯವರೆಗೂ ತಿಳಿಯುತ್ತಿರಲಿಲ್ಲ. ಅವರೋ ಚೆಂಡನ್ನು ನೋಡುತ್ತಲೇ ಇರಲಿಲ್ಲ. ಅವರ ಕಣ್ಣೆಲ್ಲ ಮೈದಾನದ ಗೆರೆಯಾಚೆ ಮುಖ ಗಂಟಿಕ್ಕಿಕೊಂಡು ನಿಂತ ಕೋಚ್ ಮೇಲೆ.

ನಮ್ಮ ಕಡೆಯ ತಂಡ ಆಗ ಸೋಲುವುದನ್ನೇ ರೂಢಿ ಮಾಡಿಕೊಂಡಿತ್ತು. ಪ್ರತಿ ಸೋಲಿಗೂ ನಮ್ಮವರದು ಒಂದೇ ತೀರ್ಪು.

"ಆಟಗಾರರ್ದೇನ ತಪ್ಪಿಲ್ಲ. ಧಾರವಾಡದಾಗ ಹುಡುಗಿ ಅಪಸ್ವರ ಹಾಡಿದ್ರ ಮಂದಿ ಏನ ಕೇಳ್ತಾರ? ನಿನ್ನ ಗುರುಗಳು ಯಾರವಾ ಅಂತ ಕೇಳ್ತಾರ. ಇಲ್ಲೂ ಹಂಗಽ. ಮದ್ಲ ಆ ಕೋಚ್‌ನ ತಗದ ಒಗೀರಿ!"

ಒಮ್ಮೆ ಫ್ಲೋರಲ್ ಪಾರ್ಕ್ ಎಂಬ ಊರಿನಿಂದ ಊಟಕ್ಕೆ ಬಂದಿದ್ದ ಡಾಕ್ಟರ್ ಒಬ್ಬರು, ಬೆಂಗಳೂರಿನವರು, ಬಾಯಿ ತಪ್ಪಿ ಅಂದುಬಿಟ್ಟರು: "ಕೋಚ್ ಪಾಪ ಏನ್ ಮಾಡ್ತಾನ್ರೀ? ಹುಡುಗರಿಗೆ ಟ್ಯಾಲೆಂಟ್ ಇಲ್ಲ, ಅಷ್ಟೆ." ಮುಗಿಯಿತು! ನಮ್ಮವರು ವಡೆಯ ತಟ್ಟೆ ಎಳೆದುಕೊಂಡು ಮೇಜಿನ ಮೇಲೆ ಹನ್ನೊಂದು ವಡೆ ಜೋಡಿಸಿದರು. "ಈ ಐದು ಮುಂದಿನ ಸಾಲು. ಇವು ಗ್ವಾಡಿ ಹಂಗ ನಿಂದರಬೇಕು. ಹಿಂದ ಇರೋ ಈ ವಡಿ ಕ್ವಾರ್ಟರ್‌ಬ್ಯಾಕ್, ಚೆಂಡು ಒಗಿಯಾಂವ. ಇಂವನ್ನ ಕಾಯೋದು ಮುಂದಿನವರ ಕೆಲಸ." ಪಾಠ ಮುಗಿಯುವ ಲಕ್ಷಣವಿರಲಿಲ್ಲ. ಸಾಂಬಾರ್ ಆರಿಹೋಯಿತು. ಹಸಿವು ತಡೆಯಲಾರದ ಡಾಕ್ಟರ್, ನಮ್ಮವರು ನೀರು ಕುಡಿಯುವ ಸಮಯ ನೋಡಿ, ಕ್ವಾರ್ಟರ್‌ಬ್ಯಾಕನ್ನು ಬಾಯಿಗೆ ಹಾಕಿಕೊಂಡುಬಿಟ್ಟರು.

"ನೋಡಿದ್ರೇನು!" ನಮ್ಮವರು ಖುಷಿಯಿಂದ ಮೇಜು ಕುಟ್ಟಿದರು. "ಮುಂದಿನ ಸಾಲಿಗೆ ಕೋಚ್ ಸರಿ ಕಲಿಸಿದ್ದಿಲ್ಲ. ಅದಕಽ ಹಿಂಗಾತು!"

ಇಷ್ಟರಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಒಂದು ಶರತ್ಕಾಲದಲ್ಲಿ ಅವರಿಗೆ ನಿಜವಾದ ತಂಡವೊಂದು ಸಿಕ್ಕಿಬಿಟ್ಟಿತು. ಆ ತಂಡ ನಾನು!

ಮೈಸೂರಿನಲ್ಲಿದ್ದಾಗ ನಾನು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ಇಲ್ಲಿಯ ಆಸ್ಪತ್ರೆಯೊಂದು, ಜನವರಿಗೆ ಬಾ, ಕೆಲಸ ನಿನ್ನದೇ ಎಂದಿತ್ತು. ಆದರೆ ಅಲ್ಲಿಗೆ ಬಸ್ಸಿಲ್ಲ, ರೈಲಿಲ್ಲ. ಲೈಸೆನ್ಸ್ ಇಲ್ಲದಿದ್ದರೆ ಕೆಲಸವೂ ಇಲ್ಲ. ಮೇಲ್‌ಮ್ಯಾನ್ ಒಬ್ಬನನ್ನು ಬಿಟ್ಟರೆ ನರಪಿಳ್ಳೆ ಸುಳಿಯದ ನಮ್ಮ ಬೀದಿಯನ್ನು ಕಿಟಕಿಯಿಂದ ನೋಡಿ ನೋಡಿ ನನಗೆ ಸಾಕಾಗಿಹೋಗಿತ್ತು. ಆ ಕೆಲಸ ನನಗೆ ಬೇಕೇ ಬೇಕಿತ್ತು.

"ನಾ ಕಲಸ್ತೀನಿ," ಎಂದರು ಕೋಚ್ ಸಾಹೇಬರು.

ದೊಡ್ಡ ತಂಡಗಳು ತಾವು ಆಡಿದ ಆಟವನ್ನು ಫಿಲ್ಮ್ ಮಾಡಿ, ಆಟಗಾರರನ್ನು ಕೂರಿಸಿ ತಪ್ಪು ತೋರಿಸುತ್ತವಂತೆ. ಸರಿ, ನಮ್ಮವರೂ ಹೋಂ ಮೂವಿ ಕ್ಯಾಮರಾ ಹಿಡಿದು ಮನೆ ಮುಂದಿನ ಡ್ರೈವ್‌ವೇಯಲ್ಲಿ ನಿಂತರು. ಶನಿವಾರ ಗೋಡೆಗೆ ಬೆಡ್‌ಶೀಟ್ ಕಟ್ಟಿ, ದೀಪ ಆರಿಸಿ, ನಾನು ಕಾರು ಹಿಂದಕ್ಕೆ ತೆಗೆದ ಚಿತ್ರ ತೋರಿಸಿದರು. ಕಾರು ಹಿಂದೆ ಬಂತು, ಕಸದ ಡಬ್ಬಗಳು ಉರುಳಿದವು. ಅದನ್ನೇ ಮತ್ತೆ ಮತ್ತೆ ಹಾಕಿದರು. ನೋಡಲಾರದೆ, ಉಲ್ಟಾ ಓಡಿಸಿ ಎಂದೆ. ಆಹಾ! ಕಾರು ಮುಂದೆ ಹೋಯಿತು, ಬಿದ್ದ ಡಬ್ಬಗಳು ತಾವಾಗಿಯೇ ಎದ್ದು ನಿಂತವು. "ಹೀಗೆ ನೋಡಿದ್ರೆ ಎಷ್ಟು ಚೆನ್ನಾಗಿ ಓಡಿಸ್ತೀನಿ ನೋಡ್ರೀ!" ಎಂದೆ. ಕೋಚ್ ನಗಲಿಲ್ಲ.

ರಸ್ತೆಗಿಳಿದ ಮೇಲೆ ಇನ್ನೊಂದು ಫಜೀತಿ. ಅವರು ಬಾಯಿ ತೆರೆದರೆ ನಾನೂ ತೆರೆಯುತ್ತಿದ್ದೆ, ಸ್ಟಾಪ್ ಸೈನ್ ಬರುವಷ್ಟರಲ್ಲಿ ಜಗಳ ಶುರು. ಅದಕ್ಕೆ ಮಾತೇ ಬೇಡ, ಮೈದಾನದಲ್ಲಿ ಮಾಡುವಂತೆ ಕೈಸನ್ನೆ ಸಾಕು ಎಂದು ತೀರ್ಮಾನಿಸಿದರು. ಕಿವಿ ಮುಟ್ಟಿದರೆ ನಿಧಾನ. ಗಲ್ಲ ಕೆರೆದರೆ ಬಲಕ್ಕೆ. ಮೂಗು ಉಜ್ಜಿದರೆ ಎಡಕ್ಕೆ. ವಾರಗಟ್ಟಲೆ ಅಭ್ಯಾಸವಾಗಿ, ನನ್ನ ಕೈಗಳು ತಾವಾಗಿಯೇ ತಿರುಗುವ ಮಟ್ಟಕ್ಕೆ ಬಂದೆ.

ಮೊದಲ ರೋಡ್ ಟೆಸ್ಟಿನ ದಿನ ನನ್ನ ಪಕ್ಕ ಕೂತ ಪರೀಕ್ಷಕರಿಗೆ ಪಾಪ ನೆಗಡಿ! ನೇರ ಹೋಗಿ ಎಂದವರೇ ಮೂಗನ್ನು ಜೋರಾಗಿ ಉಜ್ಜಿಕೊಂಡರು. ನಾನು ಸರಕ್ಕನೆ ಎಡಕ್ಕೆ ತಿರುಗಿಸಿದೆ. ಕಾರು ಹೋಗಿ ನಿಂತದ್ದು ಶವಸಂಸ್ಕಾರದ ಏರ್ಪಾಡು ಮಾಡುವ ಒಂದು ಫ್ಯುನರಲ್ ಹೋಮಿನ ಅಂಗಳದಲ್ಲಿ. ಕಪ್ಪು ಸೂಟಿನವನೊಬ್ಬ ವಿನಯದಿಂದ ಬಂದು ಪರೀಕ್ಷಕರ ಕಡೆಯ ಬಾಗಿಲು ತೆರೆದ. ಪರೀಕ್ಷಕರು ನಿಟ್ಟುಸಿರುಬಿಟ್ಟು, "ನಾಟ್ ಯೆಟ್, ಮೇಡಂ. ಐ ಸ್ಟಿಲ್ ಹ್ಯಾವ್ ಟೈಮ್!" ಎಂದರು.

ಎರಡನೆಯ ಸಲ ಸನ್ನೆಗಳನ್ನೆಲ್ಲ ಮರೆತು ಹೋದೆ. ಎಲ್ಲ ಚೆನ್ನಾಗಿಯೇ ನಡೆಯಿತು. ಎರಡು ಕಂಬಗಳ ನಡುವೆ ಕಾರು ಪಾರ್ಕ್ ಮಾಡುವುದೊಂದೇ ಬಾಕಿ. ಚಕ್ರ ಸ್ವಲ್ಪ ಜಾಸ್ತಿ ತಿರುಗಿತೋ ಏನೋ, ದೂರದಲ್ಲಿ ನಿಂತಿದ್ದ ನಮ್ಮವರು, ಆಟ ತಡೆದು ನಿಲ್ಲಿಸುವ ಕೋಚ್‌ನಂತೆ ಎರಡೂ ಕೈ ಅಡ್ಡಡ್ಡ ಹಿಡಿದು, "ಟೈಮ್ ಔಟ್! ಟೈಮ್ ಔಟ್!" ಎಂದು ಕೂಗುತ್ತ ಕಾರಿನ ಹಿಂದಕ್ಕೇ ಓಡಿಬಂದರು. ನಾನು ಬ್ರೇಕ್ ಒತ್ತಿದ ರಭಸಕ್ಕೆ ಪರೀಕ್ಷಕರ ಹ್ಯಾಟ್ ಮುಂದಿನ ಗಾಜಿಗೆ ಬಡಿಯಿತು. ರೋಡ್ ಟೆಸ್ಟಿಗೆ ಟೈಮ್ ಔಟ್ ಕೇಳಿದ ಗಂಡ ಇಡೀ ಅಮೆರಿಕದಲ್ಲಿ ಅವರೊಬ್ಬರೇ ಇರಬೇಕು!

ಆ ಭಾನುವಾರ ತಂಡ ಮತ್ತೆ ಸೋತಿತು. ನಮ್ಮವರು ಎಂದಿನಂತೆ ಎದ್ದು ನಿಂತು, "ತಗದ ಒಗೀರಿ ಆ ಕೋಚ್‌ನ!" ಎಂದು ಗರ್ಜಿಸಿದರು. ನಾನು ಉಪ್ಪಿಟ್ಟಿನ ತಟ್ಟೆ ಮುಂದಿಟ್ಟು ಕೇಳಿದೆ:

"ಆಟಗಾರ್ರದ್ದೇನೂ ತಪ್ಪಿಲ್ಲ ಅಲ್ವಾ?"

"ಎಳ್ಳಷ್ಟೂ ಇಲ್ಲ!"

"ಹಾಗಾದ್ರೆ ನಾನು ಎರಡು ಸಲ ಫೇಲ್ ಆದೆನಲ್ಲ, ಯಾರನ್ನ ತೆಗೀಬೇಕು?"

ಟಿ.ವಿ.ಯಲ್ಲಿ ಸೋಪಿನ ಜಾಹೀರಾತು ಬರುತ್ತಿತ್ತು. ಅವರು ಅದನ್ನೇ ಬಹಳ ಗಂಭೀರವಾಗಿ ನೋಡಿದರು. ಆಮೇಲೆ ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡು ಹೇಳಿದರು: "ಖರೇ ಅದ. ನಾ ಈ ಹುದ್ದೆ ಬಿಟ್ಟೆ. ಟೀಮಿಗೆ ಒಳ್ಳೇದಾಗ್ಲಿ."

"ಪೆನ್ಷನ್ ಗಿನ್ಷನ್ ಏನೂ ಸಿಗಲ್ಲ, ಈಗ್ಲೇ ಹೇಳಿರ್ತೀನಿ," ಎಂದೆ.

ಹೊಸ ಕೋಚನ್ನು ಅವರೇ ಹುಡುಕಿದರು: ಎದುರು ಮನೆಯ ಇಟಾಲಿಯನ್ ಅಜ್ಜಿ. ಅಜ್ಜಿಯ ಕೋಚಿಂಗ್ ಹೇಗಿತ್ತು ಅಂತೀರಿ? ಕಾರಿನಲ್ಲಿ ಕೂತು, ತಮ್ಮ ಸೊಸೆಗೆ ಟೊಮೆಟೊ ಸಾರು ಕುದಿಸಲು ಬಾರದ ಕಥೆ ಹೇಳಿ, ಮೊದಲ ಟ್ರಾಫಿಕ್ ಲೈಟ್ ಬರುವುದರೊಳಗೆ ನಿದ್ದೆ ಹೋಗುತ್ತಿದ್ದರು! ಅವರ ಗೊರಕೆ ಏರಿದಂತೆ ನನ್ನ ಗಾಬರಿ ಇಳಿಯುತ್ತಿತ್ತು. ಮನೆಯ ಮುಂದೆ ಎಚ್ಚರವಾದಾಗ, "ವೆರಿ ಗುಡ್, ಹನಿ," ಎಂದು ಕೆನ್ನೆ ತಟ್ಟಿ ಇಳಿದುಹೋಗುವರು.

ಸಂಜೆ ನಮ್ಮವರ ವಿಚಾರಣೆ. "ಇವತ್ತ ಏನ ಕಲಿಸಿದ್ರು?"

"ಏನೂ ಇಲ್ಲ. ಮಲಗಿದ್ರು."

"ಮಲಗಿದ್ರಾ?" ಗಡ್ಡ ಕೆರೆದುಕೊಂಡರು. "ಇದು ಯಾವ ಸಿಸ್ಟಿಮ್ ಇರಬೇಕು?"

ನನಗೂ ಆಗ ಗೊತ್ತಿರಲಿಲ್ಲ. ಆಟಗಾರನನ್ನು ನಂಬಿ ಕಣ್ಣು ಮುಚ್ಚುವುದೂ ಒಂದು ಕೋಚಿಂಗೇ ಎಂದು ಈಗ ಅನ್ನಿಸುತ್ತದೆ.

ಮೂರನೆಯ ಟೆಸ್ಟಿಗೆ ಅಜ್ಜಿಯೇ ಜೊತೆಗೆ ಬಂದರು. ನಮ್ಮವರಿಗೆ ನನ್ನ ಕಟ್ಟಪ್ಪಣೆ, ಕಡ್ಡಾಯವಾಗಿ ಆಫೀಸು! ಪಾಸಾಗಿ, ಅಜ್ಜಿಯನ್ನು ಕೂರಿಸಿಕೊಂಡು ಮನೆಗೆ ಬಂದರೆ, ಅವರು ಆಫೀಸಿಗೆ ಹೋಗಿಯೇ ಇಲ್ಲ. ಕೋಟು ತೊಟ್ಟುಕೊಂಡು ಆ ಚಳಿಯಲ್ಲಿ ಮೆಟ್ಟಿಲ ಮೇಲೆ ಕೂತಿದ್ದಾರೆ.

"ಪಾಸ್!" ಎಂದೆ. ಅಷ್ಟು ದೊಡ್ಡ ಮನುಷ್ಯ ಅಲ್ಲೇ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಅಜ್ಜಿ ಸದ್ದಿಲ್ಲದೆ ರಸ್ತೆ ದಾಟಿ ತಮ್ಮ ಮನೆಗೆ ಹೋದರು. ನಾನು ಅವರ ಪಕ್ಕ ಮೆಟ್ಟಿಲ ಮೇಲೆ ಕೂತೆ.

"ಯಾಕ್ರೀ, ಕೋಚ್ ಇಲ್ದೇನೇ ಗೆದ್ದೆ ಅಂತ ಬೇಜಾರಾ?"

ಅವರು ಇಲ್ಲವೆಂದು ತಲೆಯಾಡಿಸಿದರು. "ಬ್ಯಾಸಿಗ್ಯಾಗ ನಮ್ಮ ಲ್ಯಾಬಿನ್ಯಾಗ ಒಬ್ಬಾಂವ ಕುಸದ ಬಿದ್ದ. ನನ್ನ ವಾರಗಿಯಾಂವ. ಆಸ್ಪತ್ರಿಯಿಂದ ಅಂವನ ಹೆಂಡತಿಗೆ ನಾನಽ ಫೋನ್ ಮಾಡಿದೆ. ಆಕಿಗೆ ಡ್ರೈವಿಂಗ್ ಬರ್ತಿದ್ದಿಲ್ಲ. ಯಾರರ ಬಂದು ಕರಕೊಂಡ ಹೋಗ್ತಾರಂತ ಬಾಗಲದಾಗ ನಿಂತು ಹಾದಿ ಕಾಯಕೋತ ಇದ್ಲಂತ. ಆಕಿ ಬರೋದ್ರಾಗ ಎಲ್ಲಾ ಮುಗದಿತ್ತು." ಮೂಗು ಒರೆಸಿಕೊಂಡು ಹೇಳಿದರು: "ನೀ ಹಂಗ ಬಾಗಲದಾಗ ನಿಂದರಬಾರದು. ಅಷ್ಟಽ ನನಗ."

ಗೆಲ್ಲಬೇಕೆಂಬ ಹಟಕ್ಕೆ ಕೂಗಾಡುತ್ತಾರೆ ಎಂದುಕೊಂಡಿದ್ದೆ ನಾನು. ಅವರು ಹೆದರಿದ್ದರು. ಇಷ್ಟು ತಿಂಗಳೂ ಒಬ್ಬರೇ ಹೆದರಿಕೊಂಡು ಕೂತಿದ್ದರು. ನನಗೂ ಅಳು ತಡೆಯಲಾಗಲಿಲ್ಲ. ಅವರ ತಣ್ಣಗಿನ ಕೈ ಹಿಡಿದು ಎಬ್ಬಿಸಿ, "ಬನ್ನಿ, ಕೂತ್ಕೊಳ್ಳಿ," ಎಂದು ಕಾರಿನ ಬಾಗಿಲು ತೆರೆದೆ. ಮಬ್ಬುಗತ್ತಲೆಯಾಗುವವರೆಗೂ ಊರೆಲ್ಲ ಸುತ್ತಿದೆ. ಪಕ್ಕದ ಸೀಟಿನಲ್ಲಿ ಕೋಚ್ ಸಾಹೇಬರು ಕಣ್ಣು ಮುಚ್ಚಿಕೊಂಡು ಒರಗಿದ್ದರು.